‘ತಲುಪಿದೆ ಎಂದು ಭಾವಿಸತಕ್ಕದ್ದು’

ಊರಿನ ಸಾವಿನ ಸುದ್ದಿ ಹೊತ್ತು ಓಡಿದವರು ನಾವು. ಗೌಡರ ಮನೆಯಲ್ಲಿ ಹೆಣ ಹೊರಗೆ ಬರುವ ಮೊದಲೇ ನಮ್ಮ ಅಜ್ಜಂದಿರು ಹೆಗಲಿಗೆ ಕಂಬಳಿ ಹಾಕಿಕೊಂಡು ಹತ್ತು ಹದಿನೈದು ಮೈಲಿ ನಡೆದು ನೆಂಟರ ಊರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಮಳೆ ಅನ್ನಲಿಲ್ಲ, ಕತ್ತಲು ಅನ್ನಲಿಲ್ಲ. ಹೊಳೆ ತುಂಬಿದೆ ಅಂತ ವಾಪಸು ಬಂದರೆ ಬೆನ್ನ ಮೇಲೆ ಬಾರುಕೋಲು. ಆ ಬಿಟ್ಟಿ ಚಾಕರಿಗೆ ಸ್ಟಾಂಪಿಲ್ಲ, ಮೊಹರಿಲ್ಲ, ಸಂಬಳವಿಲ್ಲ. ಸುದ್ದಿ ಮುಟ್ಟಿಸಿದವನಿಗೆ ಆ ಮನೆಯ ಕೊಟ್ಟಿಗೆ ಹತ್ತಿರ ಒಂದು ಮುದ್ದೆ ಬಿದ್ದರೆ ಅದೇ ದೊಡ್ಡದು. ಕಂದಾಯಕ್ಕೆ, ಜಾತ್ರೆಗೆ, ಅಮಲ್ದಾರರ ಸವಾರಿಗೆ ಊರೆಲ್ಲ ಸಾರಿದ್ದೂ ನಮ್ಮ ತಮಟೆಯೇ. ಒಂದು ದಿನ ತಡವಾದದ್ದಿಲ್ಲ.

ಇಂಥ ನಮ್ಮ ಕೇರಿಗೆ, ನಮ್ಮದೇ ಹೆಸರಿನ ಒಂದು ಕಾಗದ ಬರೋದಕ್ಕೆ ಹದಿಮೂರು ದಿನ ಹಿಡಿಯಿತು. ಬೆಂಗಳೂರಿನಿಂದಲ್ಲ ಸ್ವಾಮಿ, ಊರೊಳಗಿನ ಪೋಸ್ಟಾಫೀಸಿನಿಂದ. ದೂರ ಎರಡು ಫರ್ಲಾಂಗು.

ಲೆಕ್ಕ ಹೇಳುತ್ತೇವೆ. ನಮ್ಮ ಕೇರಿಯ ಹಿರಿಯರೊಬ್ಬರು. ತೋಟಿಕೆ ಮಾಡಿದ ವಂಶ. ಅವರ ಅಪ್ಪನಿಗೆ ಸರ್ಕಾರ ಮಂಜೂರು ಮಾಡಿದ್ದ ಎರಡು ಎಕರೆ, ಮಗಳ ಮದುವೆಯ ಸಾಲಕ್ಕೆ ಉಳ್ಳವರ ಹೆಸರಿಗೆ ಹೋಗಿತ್ತು. ಮಂಜೂರಾದ ಜಮೀನು ಪರಭಾರೆ ಮಾಡಬಾರದು ಅಂತ 1978ರ ಕಾಯಿದೆ ಹೇಳುತ್ತದಲ್ಲ, ಅದನ್ನು ನಂಬಿ ಕೆಲವು ವರ್ಷದ ಹಿಂದೆ ಉಪವಿಭಾಗಾಧಿಕಾರಿಗಳ ಕೋರ್ಟಿಗೆ ಅರ್ಜಿ ಹಾಕಿದರು. ವಿಚಾರಣೆ ತಿಂಗಳ 12ನೇ ತಾರೀಖು, ಬುಧವಾರ. ನೋಟೀಸು ರಿಜಿಸ್ಟರ್ ಅಂಚೆಯಲ್ಲಿ 3ನೇ ತಾರೀಖೇ ಊರಿಗೆ ಬಂದಿದೆ. ಲಕೋಟೆಯ ಬೆನ್ನ ಮೇಲೆ ಮೊಹರು ಸ್ಪಷ್ಟವಾಗಿದೆ. ಒಂಬತ್ತು ದಿನ ಮೊದಲು! ಅದು ಪೋಸ್ಟಾಫೀಸು ನಡೆಯುವ ಮನೆಯ ಗೋಡೆಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಕೂತಿತ್ತು. ದನ ಕಾಯೋ ಹುಡುಗನ ಬಾಯಲ್ಲಿ ಹೇಳಿ ಕಳಿಸಿದ್ದರಂತೆ. ಹುಡುಗ ಮರೆತ. 16ನೇ ತಾರೀಖು, ಭಾನುವಾರ, ಅವರೇ ದಾರಿಯಲ್ಲಿ ಕಂಡು ಕೂಗಿದರು: ‘ಏಯ್, ನಿಂದೊಂದು ರಿಜಿಸ್ಟ್ರು ಬಿದ್ದದೆ ಕಣ್ಲಾ, ಬಂದು ಹೆಬ್ಬೆಟ್ಟು ಒತ್ತೋಗು.’ ‘ಆಗ್ಲಿ ಬುದ್ಧಿ’ ಅಂದರು ಎಪ್ಪತ್ತು ವರ್ಷದ ನಮ್ಮಜ್ಜ. ಭಾನುವಾರ ಆದರೇನು, ಪೋಸ್ಟಾಫೀಸೆಂದರೆ ಅವರ ಮನೆ ಜಗಲಿ ತಾನೆ. ಜಗಲಿ ಕೆಳಗೆ ನಿಂತು ಹೆಬ್ಬೆಟ್ಟು ಒತ್ತಿದರು. ತಾರೀಖಿನ ಜಾಗ ಖಾಲಿ ಇತ್ತು. ಆಮೇಲೆ ಅದರಲ್ಲಿ ಯಾರು ಏನು ಬರೆದುಕೊಂಡರೋ ಅವರಿಗೇ ಗೊತ್ತು.

ಕೇರಿಯಲ್ಲಿ ಅದನ್ನು ಓದಿದ್ದು ಒಂಬತ್ತನೇ ಕ್ಲಾಸಿನ ಹುಡುಗಿ. ಎರಡು ಸಲ ಓದಿದಳು. ‘ತಾತ, ಇದು ಹೋದ ಬುಧವಾರದ್ದು.’

ಕಚೇರಿಗೆ ಹೋದರೆ ಫೈಲಿನಲ್ಲಿ ಬರೆದಾಗಿತ್ತು: ಅರ್ಜಿದಾರ ಗೈರುಹಾಜರು, ಆಸಕ್ತಿ ಇಲ್ಲ, ಅರ್ಜಿ ವಜಾ. ಗುಮಾಸ್ತ ಹೇಳಿದ್ದು ಇಷ್ಟು: ‘ನೋಟೀಸು ಕಳಿಸಿದ್ದೀವಲ್ಲಪ್ಪ, ನೀನು ಬರಲಿಲ್ಲ.’ ನಲವತ್ತು ವರ್ಷ ಆ ಎರಡು ಎಕರೆ ಬದುವಿನ ಮೇಲೆ ನಿಂತು ನೋಡಿದ ಮನುಷ್ಯನಿಗೆ ಆಸಕ್ತಿ ಇಲ್ಲವಂತೆ!

ಆ ಗುಮಾಸ್ತನ ಹಿಂದೆ ಕಾಯಿದೆ ನಿಂತಿದೆ ಗೆಳೆಯರೇ, ಅದನ್ನು ನಾವು ಓದಲೇಬೇಕು. 1897ರ ಜನರಲ್ ಕ್ಲಾಜಸ್ ಆಕ್ಟಿನ 27ನೇ ಕಲಮು: ಸರಿಯಾದ ವಿಳಾಸ ಬರೆದು, ಅಂಚೆ ಖರ್ಚು ಕೊಟ್ಟು ರಿಜಿಸ್ಟರ್ ಮಾಡಿದ ಕಾಗದ, ಮಾಮೂಲು ಎಷ್ಟು ದಿನಕ್ಕೆ ತಲುಪಬೇಕೋ ಅಷ್ಟರಲ್ಲಿ ತಲುಪಿದೆ ಎಂದೇ ಭಾವಿಸತಕ್ಕದ್ದು. ತಲುಪಲಿಲ್ಲವೋ, ಅದನ್ನು ನೀನೇ ರುಜುವಾತು ಮಾಡು. ಯಾವ ಸಾಕ್ಷಿ ತರೋಣ? ವಿಭೂತಿ ಗಟ್ಟಿಯನ್ನೋ? ಮರುವರ್ಷವೇ, 1898ರಲ್ಲಿ, ಬಿಳಿಯರು ಅಂಚೆ ಕಾಯಿದೆ ಮಾಡಿದರು. ಅದರ 6ನೇ ಕಲಮು: ಕಾಗದ ಕಳೆದುಹೋದರೆ, ಬೇರೆಯವರ ಕೈ ಸೇರಿದರೆ, ತಡವಾದರೆ ಸರ್ಕಾರ ಹೊಣೆಯಲ್ಲ, ಮೋಸದಿಂದ ಅಥವಾ ಬೇಕೆಂದೇ ಮಾಡದ ಹೊರತು ನೌಕರನೂ ಹೊಣೆಯಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಾಯಿದೆ ಕಾಗದ ತಡವಾಗುವುದೇ ಇಲ್ಲ ಅನ್ನುತ್ತದೆ, ಇನ್ನೊಂದು ತಡವಾದರೆ ನನ್ನ ಕೇಳಬೇಡ ಅನ್ನುತ್ತದೆ. ನಡುವೆ ಬಿದ್ದವನ ಎರಡು ಎಕರೆ ಹೋಯಿತು.

ಬಿಳಿಯರ ಕಾಯಿದೆ ಹೋಯಿತಲ್ಲ ಅನ್ನಬಹುದು. ಹೌದು, ಅಂಚೆಯ ಹೊಸ ಕಾಯಿದೆ 2023ರಲ್ಲಿ ಪಾಸಾಗಿ 2024ರ ಜೂನ್‌ನಲ್ಲಿ ಜಾರಿಗೆ ಬಂತು. ಅದರ 10ನೇ ಕಲಮು ಓದಿ. ನಿಯಮಗಳಲ್ಲಿ ಗೊತ್ತುಮಾಡಿದ ಹೊಣೆ ಬಿಟ್ಟರೆ ಬೇರೆ ಹೊಣೆ ಅಂಚೆಗೆ ಇಲ್ಲ. ದೊರೆ ಬದಲಾದ, ಜಗಲಿ ಬದಲಾಗಲಿಲ್ಲ.

ಇದೇ ಜಮೀನುಗಳ ವಿಷಯದಲ್ಲಿ ನಮಗೆ ಯಾವ ನ್ಯಾಯ ಸಿಕ್ಕಿತು? 1978ರ ಕಾಯಿದೆಯಡಿ ಅರ್ಜಿ ಹಾಕುವವರು ನ್ಯಾಯಸಮ್ಮತವಾದ ಕಾಲದೊಳಗೆ ಬರಬೇಕು, ಬಹಳ ತಡವಾಗಿ ಬಂದರೆ ಆಗದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ತೀರ್ಪು ಹಿಡಿದು ಎಷ್ಟೋ ಅರ್ಜಿಗಳು ಬಿದ್ದುಹೋದವು. ಕಾಲಮಿತಿ ಇಲ್ಲ ಅಂತ ಬರೆಸಲು 2023ರ ತಿದ್ದುಪಡಿಯವರೆಗೆ ಬಡಿದಾಡಬೇಕಾಯಿತು. ದಲಿತ ತಡವಾದರೆ ಹಕ್ಕು ಹೋಗುತ್ತದೆ, ಅಂಚೆ ತಡವಾದರೆ ಯಾರದ್ದೂ ಏನೂ ಹೋಗುವುದಿಲ್ಲ.

ಇನ್ನು ಆ ಜಗಲಿಯ ವಿಚಾರ. ಹಳ್ಳಿಯ ಪೋಸ್ಟಾಫೀಸು ಉಳ್ಳವರ ಮನೆಯಲ್ಲಿ ಯಾಕಿರುತ್ತದೆ? ಆಕಸ್ಮಿಕ ಅಲ್ಲ. ಬ್ರಾಂಚ್ ಪೋಸ್ಟ್‌ಮಾಸ್ಟರ್ ಆಗುವವನೇ ಆಫೀಸಿಗೆ ಜಾಗ ಕೊಡಬೇಕು ಅನ್ನುವುದು ಇಲಾಖೆಯ ನಿಯಮ. ಜೀವನಕ್ಕೆ ಬೇರೆ ಆದಾಯ ಇರಬೇಕು ಅನ್ನುವುದು ಇನ್ನೊಂದು. ಒಂದೇ ಅಂಕಣದ ಗುಡಿಸಲಿನಲ್ಲಿ ಐದು ಜನ ಮಲಗುವವನು ಎಲ್ಲಿಂದ ಜಾಗ ಕೊಡುತ್ತಾನೆ? ಕೊಟ್ಟನೇ ಅನ್ನಿ, ಊರಿನವರು ಕೇರಿಗೆ ಬಂದು ಅವನ ಕೈಯಿಂದ ಕಾಗದ ತಗೋತಾರೇನು? ಈಗ ಹತ್ತನೇ ತರಗತಿಯ ಅಂಕದ ಮೇಲೆ ಆಯ್ಕೆ ನಡೆಯುತ್ತದೆ, ನಮ್ಮ ಹುಡುಗರೂ ಬರುತ್ತಿದ್ದಾರೆ. ಬಂದವರನ್ನು ಕೇಳಿ: ಊರಲ್ಲಿ ಆಫೀಸಿಗೆ ಒಂದು ಕೋಣೆ ಬಾಡಿಗೆಗೆ ಹುಡುಕುವಾಗ ಮೊದಲು ಕೇಳುವ ಪ್ರಶ್ನೆ ಯಾವುದು ಅಂತ.

ಇದು ನಮ್ಮೊಂದು ಊರಿನ ಗೋಳಲ್ಲ. ಘನಶ್ಯಾಮ ಶಾ, ಹರ್ಷ ಮಂದರ್, ಸುಖದೇವ್ ಥೋರಟ್ ಮೊದಲಾದವರು 11 ರಾಜ್ಯಗಳ 565 ಹಳ್ಳಿಗಳನ್ನು ನೋಡಿ 2006ರಲ್ಲಿ ತಂದ ಅಸ್ಪೃಶ್ಯತೆಯ ಪುಸ್ತಕದಲ್ಲಿ ಲೆಕ್ಕ ಇದೆ. ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು ಹಳ್ಳಿಯಲ್ಲಿ ದಲಿತರ ಮನೆಬಾಗಿಲಿಗೆ ಕಾಗದ ಬರುವುದಿಲ್ಲ. ಅಂಚೆ ಅಂದರೆ ಹಂಸ ಅಂತ ಹಳಗನ್ನಡದ ಮೇಷ್ಟರು ಹೇಳಿಕೊಟ್ಟಿದ್ದರು. ಹಂಸ ನಮ್ಮ ಚರಂಡಿ ನೀರು ದಾಟದು ಅಂತ ಅವರು ಹೇಳಿರಲಿಲ್ಲ.

1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಆರು ಅಂಕಿ. ಆರು ಅಂಕಿಗೆ ಜಾತಿಯಿಲ್ಲ, ಅದು ಕಾಗದವನ್ನು ಸರಿಯಾಗಿಯೇ ತಂದು ಹಾಕುತ್ತದೆ. ಆದರೆ ಅದರ ಮೇಲಿನ ಸಾಲಿನಲ್ಲಿ ‘ಎ.ಕೆ. ಕಾಲೋನಿ’ ಅಂತ ಇರುತ್ತದೆ. ಕೊನೆಯ ಎರಡು ಫರ್ಲಾಂಗನ್ನು ನಿರ್ಧರಿಸುವುದು ಆ ಎರಡಕ್ಷರ. ಕೇರಿಗೆ ಬಂದರೂ ಬರುವುದು ಹನ್ನೊಂದು ಗಂಟೆಗೆ. ಆ ಹೊತ್ತಿಗೆ ನಮ್ಮ ಹೆಂಗಸರು ಕಳೆಗೆ, ನಾಟಿಗೆ ಹೋಗಿರುತ್ತಾರೆ, ಗಂಡಸರು ಕೂಲಿಗೆ. ‘ಬಾಗಿಲು ಹಾಕಿದೆ’ ಅಂತ ಷರಾ ಬರೆದು ವಾಪಸು. ಆ ಷರಾವನ್ನೂ ಕೋರ್ಟುಗಳು ತಲುಪಿದಂತೆಯೇ ಲೆಕ್ಕ ಹಿಡಿಯುವುದುಂಟು. ಕೂಲಿಗೆ ಹೋದದ್ದೂ ತಪ್ಪಾಯಿತು.

ಪಟ್ಟಣದ ಗೆಳೆಯರು ನಗುತ್ತಾರೆ: ಈಗ ಯಾರ್ರೀ ಕಾಗದ ಬರೀತಾರೆ, ಎಲ್ಲರ ಕೈಲೂ ಮೊಬೈಲ್ ಇದೆಯಲ್ಲ. ಇದೆ. ಪ್ರೀತಿಯ ಕಾಗದ ನಿಂತಿದೆ, ಒಪ್ಪುತ್ತೇವೆ. ಸರ್ಕಾರದ ಕಾಗದ ನಿಂತಿಲ್ಲ. ಕೋರ್ಟಿನ ನೋಟೀಸು, ಆಧಾರ್ ಕಾರ್ಡು, ಬ್ಯಾಂಕಿನ ಎಟಿಎಂ ಕಾರ್ಡು, ಜಪ್ತಿ ನೋಟೀಸು ಇವತ್ತಿಗೂ ಅಂಚೆಯಲ್ಲೇ ಬರುತ್ತವೆ. ಬಡವನಿಗೆ ಬರುವುದೆಲ್ಲ ತಾರೀಖು ಇರುವ ಕಾಗದವೇ. 2025ರಲ್ಲಿ ರಿಜಿಸ್ಟರ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ದೆಹಲಿಯಿಂದ ತಾಲ್ಲೂಕಿನವರೆಗೆ ಅದು ಎಷ್ಟು ಬೇಕಾದರೂ ಓಡಲಿ. ಈ ಪುಟ್ಟ ಪತ್ರಿಕೆಯಂಥವಕ್ಕೆ ಆಸರೆಯಾಗಿದ್ದ ರಿಜಿಸ್ಟರ್ಡ್ ಬುಕ್‌ಪೋಸ್ಟನ್ನು 2024ರ ಡಿಸೆಂಬರಿನಲ್ಲೇ ನಿಲ್ಲಿಸಿಯಾಗಿದೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ಸೈಕಲ್ ತುಳಿಯುವ ಡಾಕ್ ಸೇವಕ ನಮ್ಮ ಶತ್ರುವಲ್ಲ. ನಾಲ್ಕೈದು ಗಂಟೆಯ ಕೆಲಸ ಅಂತ ಲೆಕ್ಕ ಹಾಕಿ, ಪೂರಾ ಸರ್ಕಾರಿ ನೌಕರ ಅಂತಲೂ ಒಪ್ಪದೆ ಅವನನ್ನೂ ದುಡಿಸಿಕೊಂಡಿದ್ದಾರೆ. 2018ರ ಮೇ-ಜೂನ್‌ನಲ್ಲಿ ದೇಶದ ಡಾಕ್ ಸೇವಕರು ಮುಷ್ಕರ ಹೂಡಿದಾಗ ಕಾಗದ ಬಾರದೆ ಹೋದರೂ ಅವರ ಬೇಡಿಕೆ ನ್ಯಾಯದ್ದೇ. ಅವರ ಮುಂದಿನ ಹೋರಾಟಕ್ಕೂ ನಾವು ಬರುತ್ತೇವೆ. ಆದರೆ ಅವರ ಸಂಘದವರು ಕೇರಿಯ ಎರಡು ಫರ್ಲಾಂಗಿನ ಮಾತನ್ನು ತಮ್ಮ ಬೇಡಿಕೆ ಪಟ್ಟಿಗೆ ಸೇರಿಸಲಿ.

ನಮ್ಮ ಬೇಡಿಕೆ ಸಣ್ಣದು. ಪೋಸ್ಟಾಫೀಸು ಯಾರ ಮನೆಯಲ್ಲೂ ಬೇಡ, ಪಂಚಾಯ್ತಿ ಕಟ್ಟಡಕ್ಕೋ ಶಾಲೆಗೋ ಬರಲಿ, ಜಾಗವನ್ನು ಸರ್ಕಾರ ಕೊಡಲಿ. ಹೆಬ್ಬೆಟ್ಟು ಒತ್ತುವವರ ಎದುರಿಗೇ ತಾರೀಖು ಬರೆದು ಓದಿ ಹೇಳಲಿ. ಕೋರ್ಟಿನವರು ‘ಗೈರುಹಾಜರು’ ಬರೆಯುವ ಮುನ್ನ ಆ ತಾರೀಖನ್ನು ನೋಡಲಿ.

ಅಲ್ಲಿಯವರೆಗೆ ಸುಮ್ಮನೆ ಕೂತಿಲ್ಲ. ನಮ್ಮ ಕೇರಿಯ ಹೈಸ್ಕೂಲು ಮಕ್ಕಳು ದಿನಾ ಸಂಜೆ ಇಬ್ಬಿಬ್ಬರಾಗಿ ಆ ಜಗಲಿಗೆ ಹೋಗುತ್ತಾರೆ. ಕೆಳಗೆ ನಿಲ್ಲುವುದಿಲ್ಲ, ಹತ್ತುತ್ತಾರೆ. ಕೇರಿಗೆ ಏನು ಬಂದಿದೆ ಅಂತ ಕೇಳಿ, ಬಂದ ತಾರೀಖು, ಕೈಗೆ ಕೊಟ್ಟ ತಾರೀಖು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಮೊದಲ ವಾರ ಬೈದು ಕಳಿಸಿದರು. ಎರಡನೇ ವಾರ ಮನೆಯೊಡತಿ ಜಗಲಿಗೆ ನೀರು ಹಾಕಿ ತೊಳೆದರು. ಮಕ್ಕಳು ಒದ್ದೆ ಜಗಲಿಯ ಮೇಲೇ ನಿಂತು ಬರೆದುಕೊಂಡು ಬಂದರು. ಆ ನೋಟ್‌ಬುಕ್ಕಿನ ಪ್ರತಿಯನ್ನು ಅಜ್ಜನ ಮೇಲ್ಮನವಿಯ ಜೊತೆ ಸೇರಿಸಿದ್ದೇವೆ. ಬೇರೆ ಊರುಗಳ ಮೇಷ್ಟರುಗಳು ತಮ್ಮ ಕೇರಿಯ ತಾರೀಖುಗಳನ್ನೂ ಬರೆಸಿ ಈ ಪತ್ರಿಕೆಗೆ ಕಳಿಸಿ. ಅಂಚೆಯಲ್ಲಿ ಬೇಡ, ಬರುವವರ ಕೈಯಲ್ಲಿ ಕೊಟ್ಟು ಕಳಿಸಿ.