ಮುರುಟಿದ ಕೈಗೆ ಹೊಣೆ ಯಾರು?

ಸುಟ್ಟ ಗಾಯ ಮಾಯಿತೆಂದರೆ ಕಷ್ಟ ತೀರಿತೆಂದು ನಾವೆಲ್ಲ ತಿಳಿಯುತ್ತೇವೆ. ಅದು ತಪ್ಪು. ಆಳವಾಗಿ ಸುಟ್ಟಲ್ಲಿ ಬರುವ ಕಲೆಯ ಚರ್ಮ ಮೊದಲಿನಂತೆ ಹಿಗ್ಗುವುದಿಲ್ಲ. ತಿಂಗಳುಗಟ್ಟಲೆ ಕುಗ್ಗುತ್ತಲೇ ಹೋಗುತ್ತದೆ. ಅಂಗೈ ಸುಟ್ಟಿದ್ದರೆ ಬೆರಳುಗಳನ್ನು ಒಳಕ್ಕೆಳೆದು ಮುರುಟಿಸುತ್ತದೆ. ಪ್ರಾಣ ಉಳಿಯುತ್ತದೆ, ಕೈ ಹೋಗುತ್ತದೆ.

ಇಳಕಲ್ಲಿನಲ್ಲಿ ಕುದಿಯುವ ಬಣ್ಣದಲ್ಲಿ ನೂಲು ಅದ್ದುವವರು, ಬಾಗಲಕೋಟೆ, ಹುನಗುಂದಗಳಲ್ಲಿ ಕಾದೆಣ್ಣೆಯ ಮುಂದೆ ನಿಂತು ಮಿರ್ಚಿ ಭಜಿ ಕರಿಯುವವರು, ಬಾದಾಮಿಯ ಖಾನಾವಳಿಗಳಲ್ಲಿ ರೊಟ್ಟಿ ಬೇಯಿಸುವ ತಾಯಂದಿರು, ಇವರಿಗೆಲ್ಲ ಕೈಯೇ ಬಂಡವಾಳ. ಲಾಳಿ ಹಿಡಿಯದ, ತಕ್ಕಡಿ ಎತ್ತದ ಕೈಗೆ ಯಾವ ಸಾಹುಕಾರ ಕೂಲಿ ಕೊಟ್ಟಾನು?

ಇದನ್ನು ಹಣೆಬರಹವೆಂದು ಸುಮ್ಮನಿರಬೇಕಾಗಿಲ್ಲ. ಬಿಗಿದ ಕಲೆಯನ್ನು ಕೊಯ್ದು ಬೆರಳು ಬಿಡಿಸಿ, ತೊಡೆಯ ಚರ್ಮ ತೆಗೆದು ಅಲ್ಲಿ ಕೂಡಿಸುವ ಶಸ್ತ್ರಕ್ರಿಯೆ ಇದೆ. ಹಳೆಯ ಮುರುಟಿಗೂ ಅನೇಕ ವೇಳೆ ಇದರಿಂದ ಗುಣವುಂಟು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯದವರಿಗೆಂದೇ ಮಹಾಬೋಧಿ ಕೇಂದ್ರವಿದೆ. ಆದರೆ ಕತ್ತಿಯ ಕೆಲಸ ಅರ್ಧ ಮಾತ್ರ. ಆಮೇಲೆ ತಿಂಗಳುಗಟ್ಟಲೆ ದಬ್ಬೆ ಕಟ್ಟಬೇಕು, ದಿನವೂ ಬೆರಳಿಗೆ ವ್ಯಾಯಾಮ ಬೇಕು. ಇಲ್ಲವಾದರೆ ಕೈ ಮತ್ತೆ ಮುರುಟುತ್ತದೆ. ಮಕ್ಕಳಾದರೆ ಬೆಳೆದಂತೆ ಮತ್ತೊಮ್ಮೆ ಶಸ್ತ್ರಕ್ರಿಯೆ ಬೇಕಾದೀತು.

ಇಲ್ಲಿಯೇ ಬಡವ ಸೋಲುವುದು. 2018ರಲ್ಲಿ ಬಂದ ಆಯುಷ್ಮಾನ್ ಯೋಜನೆ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒಪ್ಪಿಕೊಂಡಿದೆ. ಸರಿಯೇ. ಆದರೆ ತಪ್ಪಿದ ಕೂಲಿಯನ್ನು ಅದು ಕೊಡುವುದಿಲ್ಲ. ಕೆಲಸದಲ್ಲಿ ಗಾಯವಾದವರಿಗೆ ಪರಿಹಾರ ಕೊಡಬೇಕೆಂಬ ಕಾಯಿದೆ 1923ರಲ್ಲೇ ಬಂತು, ಇ.ಎಸ್.ಐ. ಕಾಯಿದೆ 1948ರಲ್ಲಿ. ಮನೆಯಲ್ಲೇ ಮಗ್ಗ ಹೂಡಿದವರಿಗೆ, ತಳ್ಳುಗಾಡಿಯವರಿಗೆ ಇವುಗಳಿಂದ ಏನು ದಕ್ಕಿತು? ಹುಬ್ಬಳ್ಳಿ, ಬೆಂಗಳೂರುಗಳಿಗೆ ವಾರವಾರವೂ ಓಡಾಡಿದರೆ ಅವರ ಮನೆಯ ಒಲೆ ಉರಿಯುವುದು ಹೇಗೆ?

ವೆಲ್ಲೂರಿನ ಡಾ. ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಗೆ ಕುಷ್ಠದಿಂದ ಮುದುಡಿದ ಕೈಗಳನ್ನು ಶಸ್ತ್ರಕ್ರಿಯೆಯಿಂದ ಬಿಡಿಸತೊಡಗಿದರು. ರೋಗ ಬೇರೆ, ಪಾಠ ಒಂದೇ: ಅವರು ಕೈ ಬಿಡಿಸಿ ಸುಮ್ಮನಾಗಲಿಲ್ಲ, ಆ ಕೈಗಳಿಗೆ ಕಸುಬನ್ನೂ ಕಲಿಸಿದರು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ಸುಟ್ಟ ಕೈಗೆ ಮೊದಲ ದಿನಗಳಿಂದಲೇ ದಬ್ಬೆ, ವ್ಯಾಯಾಮ ತಾಲೂಕು ದವಾಖಾನೆಯಲ್ಲೇ ಸಿಗಬೇಕು. ಜಿಲ್ಲಾ ದವಾಖಾನೆಗೆ ಶಸ್ತ್ರವೈದ್ಯರು ಗೊತ್ತಾದ ದಿನ ಬರಬೇಕು. ಚಿಕಿತ್ಸೆ ಮುಗಿಯುವವರೆಗೆ ಕೂಲಿಯ ಆಸರೆ ಬೇಕು.

ಬಂಧುಗಳೇ, ನೀವೂ ಒಂದು ನೆನಪಿಡಿ. ಕೈ ಸುಟ್ಟೊಡನೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ. ಶಾಯಿ, ಪೇಸ್ಟು ಬಳಿಯಬೇಡಿ. ಗಾಯ ಮಾಯಿತೆಂದು ದವಾಖಾನೆಯಿಂದ ಕಳಿಸಿದರೆ, "ಬೆರಳು ಮಡಚಿ ಬಿಚ್ಚಲು ಬರುತ್ತದೆಯೇ?" ಎಂದು ಕೇಳದೆ ಮನೆಗೆ ಬರಬೇಡಿ.