ಹದಿನಾರನೇ ದಿನದ ಮಾತ್ರೆ ಯಾರ ಲೆಕ್ಕಕ್ಕೆ?

"ನಿನ್ನ ಉಪ್ಪನಿಗೆ ಮನಸ್ಸು ಗಟ್ಟಿ ಇಲ್ಲ ಮಾರಾಯ. ನಮ್ಮ ಹಾಜಿಯವರನ್ನು ನೋಡು, ಅವರಿಗೂ ಸ್ಟೆಂಟ್ ಹಾಕಿದ್ದಲ್ಲವಾ, ಹೇಗಿದ್ದಾರೆ!" ಕಳೆದ ವಾರ ಉಪ್ಪಳದ ಮದುವೆಯೊಂದರಲ್ಲಿ ಹಿರಿಯರೊಬ್ಬರು ನನಗೆ ಹೇಳಿದ ಮಾತಿದು. ಊಟದ ಹೊತ್ತು, ಸುಮ್ಮನಿದ್ದೆ. ಇಲ್ಲಿ ಸುಮ್ಮನಿರಬೇಕಾಗಿಲ್ಲ.

ಹಾಜಿಯವರು ಒಳ್ಳೆಯವರು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವರ ಮೂವರು ಮಕ್ಕಳು ದುಬೈಯಲ್ಲಿದ್ದಾರೆ. ಮೂರು ತಿಂಗಳು ಅವರು ಅಂಗಡಿಗೆ ಹೋಗಲಿಲ್ಲ, ಅಂಗಡಿ ನಡೆಯುತ್ತಲೇ ಇತ್ತು. ಮಂಗಳೂರಿಗೆ ಚೆಕಪ್ಪಿಗೆ ಹೋಗಲು ಅಂಗಳದಲ್ಲೇ ಕಾರು. ನನ್ನ ಉಪ್ಪ ಸ್ಕೂಟರಿನಲ್ಲಿ ಮೀನು ಮಾರುವವರು. ಆಸ್ಪತ್ರೆಯಿಂದ ಬಂದ ಇಪ್ಪತ್ತನೇ ದಿನ ಪೆಟ್ಟಿಗೆ ಕಟ್ಟಿಕೊಂಡು ಹೊರಟರು. ಉಮ್ಮ ಬೀಡಿ ಕಟ್ಟಿದ ದುಡ್ಡಿನಲ್ಲಿ ಅಕ್ಕಿ ಬರುತ್ತದೆ. ಅಕ್ಕಿ, ಮಾತ್ರೆ ಎರಡೂ ಬರುವುದಿಲ್ಲ.

"ಉಪ್ಪು ಕಡಿಮೆ ಮಾಡಿ, ಟೆನ್ಶನ್ ಬೇಡ" ಎಂದರು ಡಾಕ್ಟರು. ಒಳ್ಳೆಯ ಮಾತೇ. ಆದರೆ ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ 52 ದಿನ. ಆಗ ಮೀನು ಮಾರುವವನ ಮನೆಯಲ್ಲಿ ಗಂಜಿಗೆ ಒಣಮೀನು, ಉಪ್ಪಿನಕಾಯಿ ಬಿಟ್ಟು ಬೇರೇನಿರುತ್ತದೆ?

ಸ್ಟೆಂಟ್ ಕಾರ್ಡಿನಲ್ಲಿ ಆಯಿತು, ಅದನ್ನು ಒಪ್ಪುತ್ತೇನೆ. ಆಯುಷ್ಮಾನ್ ಭಾರತದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಎಂದು ಎಲ್ಲರೂ ಹೇಳುತ್ತಾರೆ. ಮನೆಗೆ ಕಳಿಸಿದ ಮೇಲೆ 15 ದಿನದ ಮದ್ದು ಮಾತ್ರ ಎಂಬುದನ್ನು ಯಾರೂ ಹೇಳುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಬಗೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ, ಹಲವರು ಒಂದು ವರ್ಷ ನುಂಗಬೇಕು. ತಪ್ಪಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು. ಉಪ್ಪ ದಿನ ಬಿಟ್ಟು ದಿನ ನುಂಗಿದರು, ಒಂದು ತಿಂಗಳ ಮದ್ದು ಎರಡು ತಿಂಗಳು ಬರಲಿ ಎಂದು. ನಮಗೆ ಹೇಳಲೇ ಇಲ್ಲ. ಎರಡನೇ ಸಲ ಎದೆನೋವು ಬಂದ ರಾತ್ರಿ ಉಮ್ಮ ಅಳುತ್ತಾ ಹೇಳಿದರು. ಈಗ ಬಾವಿಕಟ್ಟೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎರಡು ಸಲ ನಿಲ್ಲುತ್ತಾರೆ.

ಸರಕಾರಿ ಆರೋಗ್ಯ ಕೇಂದ್ರದಲ್ಲಿ ಧರ್ಮಕ್ಕೆ ಸಿಗುತ್ತದಲ್ಲ ಎನ್ನುತ್ತೀರಾ? ಕೆಲವು ಮಾತ್ರೆ ಸಿಗುತ್ತದೆ, ಹೌದು. ಆದರೆ ಅಲ್ಲಿ ಕ್ಯೂ ನಿಲ್ಲುವ ಹೊತ್ತೂ ಮೀನು ಮಾರುವ ಹೊತ್ತೂ ಒಂದೇ.

ಗಟ್ಟಿ ಮನಸ್ಸಿನ ಮಾತು ಬಂದಾಗ ನನಗೆ 2020ರ ಮಾರ್ಚ್ ನೆನಪಾಗುತ್ತದೆ. ತಲಪಾಡಿ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರನ್ನೇ ನಂಬಿದ್ದ ನಮ್ಮ ಜಿಲ್ಲೆಯ ಎಷ್ಟೋ ರೋಗಿಗಳು ಚಿಕಿತ್ಸೆ ಸಿಗದೆ ತೀರಿಕೊಂಡರು. ರೋಗಿಗಳ ವಾಹನಗಳಿಗೆ ದಾರಿ ಬಿಡಿಸಿ ಎಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರಕ್ಕೆ ಹೇಳಬೇಕಾಯಿತು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು. ಆವತ್ತು ಸತ್ತವರಿಗೂ ಮನಸ್ಸು ಗಟ್ಟಿ ಇರಲಿಲ್ಲವಾ?

ಸರಕಾರವನ್ನು ಬೈದು ಮುಗಿಸಿದರೆ ನಾವು ಪಾರಾದಂತೆ. ನಮ್ಮ ಜಮಾಅತುಗಳೂ ಗಲ್ಫಿನ ವಾಟ್ಸಾಪ್ ಗುಂಪುಗಳೂ ಆಪರೇಶನ್ ಎಂದರೆ ಒಂದೇ ದಿನದಲ್ಲಿ ಲಕ್ಷ ಎತ್ತುತ್ತವೆ. ಉಪ್ಪನ ಫೋಟೋವನ್ನೂ ಹಾಕಿದ್ದರು, ಮೂಗಿಗೆ ನಳಿಗೆ ಇದ್ದ ಫೋಟೋ. ತಿಂಗಳ ಮಾತ್ರೆಗೆ ಯಾರೂ ಪೋಸ್ಟರ್ ಮಾಡುವುದಿಲ್ಲ, ಅದರಲ್ಲಿ ತೋರಿಸಲು ಏನೂ ಇಲ್ಲ. ಒಂದು ಮೊಹಲ್ಲಾದಲ್ಲಿ ಸ್ಟೆಂಟ್ ಹಾಕಿಸಿಕೊಂಡ ಬಡವರು ಎಷ್ಟು ಮಂದಿ? ಬೆರಳಲ್ಲಿ ಎಣಿಸಬಹುದು. ಅವರ ಹೆಸರು ಬರೆದು, ಮೆಡಿಕಲಿನಲ್ಲಿ ಒಂದು ಖಾತೆ ಇಟ್ಟು, ತಿಂಗಳ ಮೊದಲ ವಾರ ಮನೆಗೆ ಮದ್ದು ಮುಟ್ಟಿಸಲು ಎಷ್ಟು ಖರ್ಚಾದೀತು? ಆ ಮದುವೆಯ ಊಟದ ಪಂದಲಿನ ಲೈಟಿಗೆ ಎಷ್ಟಾಯಿತೆಂದು ಆ ಹಿರಿಯರನ್ನೇ ಕೇಳಬೇಕೆಂದಿದ್ದೇನೆ.