ಚಕ್ಕೆ, ಕೊರೆ ಮತ್ತು ಚಿಕ್ಕಪ್ಪನ ಐದು ಗ್ರೂಪು

ಕಳೆದ ತಿಂಗಳು ನಮ್ಮ ಟೀಮ್‌ನ ರಷ್ಯನ್ ಹುಡುಗ ಊರಿಂದ ಬಿಸ್ಕತ್ತು ತಂದಿದ್ದ. ಪ್ಯಾಕೆಟ್ ಮೇಲಿದ್ದ ಒಂದು ಪದ ತೋರಿಸಿ ಏನಿದು ಅಂತ ಕೇಳಿದೆ. ‘ಕೊರೀತ್ಸಾ’, ಅಂದ್ರೆ ದಾಲ್ಚಿನ್ನಿ. ‘ಕೊರಾ’ ಅಂದ್ರೆ ಮರದ ತೊಗಟೆ, ಕೊರೀತ್ಸಾ ಅಂದ್ರೆ ಪುಟ್ಟ ತೊಗಟೆಯಂತೆ.

ನಂಗೆ ಖುಷಿಯಾಯ್ತು. ಮರದಿಂದ ಎದ್ದ ಚೂರಿಗೂ ಚಕ್ಕೆ, ಪಲಾವ್‌ಗೆ ಹಾಕೋದಕ್ಕೂ ಚಕ್ಕೆ ಅನ್ನೋರು ನಾವು. ರಷ್ಯನ್ನರು ಇನ್ನೂ ಒಂದು ಹೆಜ್ಜೆ ಮುಂದೆ. ಕಂದು ಬಣ್ಣಕ್ಕೂ ದಾಲ್ಚಿನ್ನಿಯಿಂದಲೇ ಹೆಸರು: ‘ಕೊರಿಚ್ನೆವಿ’.

ರಾತ್ರಿ ಮೂಲ ಹುಡುಕಿದೆ. ‘ಕತ್ತರಿಸು’ ಅನ್ನೋ ಅರ್ಥದ, ಸಾವಿರಾರು ವರ್ಷ ಹಳೆಯ ಇಂಡೋ-ಯುರೋಪಿಯನ್ ಧಾತುವಿನಿಂದ ಕೊರಾ ಬಂದಿದೆ. ಮರದಿಂದ ಕತ್ತರಿಸಿ ತೆಗೆದದ್ದು ತೊಗಟೆ. ತಕ್ಷಣ ಹೊಳೆದದ್ದು ನಮ್ಮ ‘ಕೊರೆ’! ಸದ್ದೂ ಅದೇ, ಅರ್ಥವೂ ಅದೇ. ‘ರಷ್ಯನ್ ಪದದ ಬೇರು ಕನ್ನಡದಲ್ಲಿ’ ಅಂತ ಫ್ಯಾಮಿಲಿ ಗ್ರೂಪಿಗೆ ಹಾಕಿಯೇಬಿಟ್ಟೆ. ಚಿಕ್ಕಪ್ಪ ಐದು ಗ್ರೂಪಿಗೆ ಫಾರ್ವರ್ಡ್ ಮಾಡಿದ್ರು.

ಮರುದಿನ ಓದ್ತಾ ಓದ್ತಾ ಬೆವರು ಬಂತು. ಕೊರೆ ದ್ರಾವಿಡ ಪದ, ಆ ವಂಶವೇ ಬೇರೆ. ಒಂದು ಪದ ಇನ್ನೊಂದರ ಹಾಗೆ ಕೇಳಿಸಿದರೆ ನೆಂಟಸ್ತಿಕೆ ಆಗಲ್ಲ. ಎರಡು ಭಾಷೆಗಳ ಹತ್ತಾರು ಪದಗಳಲ್ಲಿ ಸದ್ದುಗಳು ಒಂದೇ ನಿಯಮದಂತೆ ಬದಲಾಗಿರಬೇಕು. ಕೋಡ್‌ನಲ್ಲಿ ಒಂದೇ ಟೆಸ್ಟ್ ಪಾಸಾಯ್ತು ಅಂತ ರಿಲೀಸ್ ಮಾಡೋರು ಯಾರು? ನಾನು ಮಾಡಿದ್ದು ಅದನ್ನೇ.

ನಿಜವಾದ ನೆಂಟ ನಮ್ಮ ಡ್ರಾಯರ್‌ನಲ್ಲೇ ಇದ್ದ: ಕತ್ತರಿ. ಅದು ಸಂಸ್ಕೃತದ ‘ಕರ್ತರಿ’ಯಿಂದ ಕನ್ನಡಕ್ಕೆ ಬಂದದ್ದು, ಕರ್ತರಿಯ ಬೇರು ಅದೇ ಹಳೆಯ ಧಾತು. ಲ್ಯಾಟಿನ್‌ನಲ್ಲಿ ತೊಗಟೆಗೆ ‘ಕಾರ್ಟೆಕ್ಸ್’, ಮಿದುಳಿನ ಹೊರಪದರಕ್ಕೂ ಈಗ ಅದೇ ಹೆಸರು. ಅದೂ ಈ ಮನೆತನದ್ದೇ. ಇವು ತಾಯಿ-ಮಗಳಲ್ಲ, ದೊಡ್ಡಮ್ಮ-ಚಿಕ್ಕಮ್ಮನ ಮಕ್ಕಳು.

ಇನ್ನೊಂದು ಜೋಡಿಯೂ ಸಿಕ್ತು. ರಷ್ಯನ್ನಿನ ‘ಬೆರ್‍ಯೋಜಾ’ ಮರವೂ ಸಂಸ್ಕೃತದ ‘ಭೂರ್ಜ’ವೂ ಒಂದೇ ಮೂಲದ ಪದಗಳು. ಕಾಶ್ಮೀರದಲ್ಲಿ ಭೂರ್ಜದ ತೊಗಟೆ ಮೇಲೆ ಗ್ರಂಥ ಬರೆದರು. ರಷ್ಯದ ನೋವ್ಗೊರೊದ್‌ನಲ್ಲಿ ಅದೇ ಜಾತಿಯ ಮರದ ತೊಗಟೆ ಮೇಲೆ ಸಾಲ, ಜಗಳ, ಮನೆವಾರ್ತೆ ಎಲ್ಲವನ್ನೂ ಗೀಚಿದರು. 1951ರಲ್ಲಿ ಅಲ್ಲಿ ಮೊದಲ ಪತ್ರ ಮಣ್ಣಿನಿಂದ ಎದ್ದಿತು, ಈಗ ಸಾವಿರಕ್ಕೂ ಹೆಚ್ಚು ಸಿಕ್ಕಿವೆ. 13ನೇ ಶತಮಾನದ ಓನ್ಫಿಮ್ ಅನ್ನೋ ಪುಟ್ಟ ಹುಡುಗ ಅಕ್ಷರ ತಿದ್ದಿ, ಪಕ್ಕದಲ್ಲಿ ಕುದುರೆ ಸವಾರನ ಚಿತ್ರ ಬರೆದ ತೊಗಟೆಯೂ ಇದೆ.

ಇದೆಲ್ಲ ಬರೆದು, ‘ಚಿಕ್ಕಪ್ಪ, ನಿನ್ನೆ ಕಳಿಸಿದ್ದು ತಪ್ಪು, ಕ್ಷಮಿಸಿ’ ಅಂತ ಹಾಕಿದೆ.

‘ಹಾಗಾದ್ರೆ ಕತ್ತರಿನೂ ನಮ್ಮದಲ್ವೇನೋ?’ ಅಂದ್ರು.

‘ನಮ್ಮದೇ, ಬಂದ ದಾರಿ ಬೇರೆ. ಇದನ್ನೂ ಐದು ಗ್ರೂಪಿಗೆ ಕಳಿಸ್ತೀರಾ?’

ಇದುವರೆಗೆ ಮೂರಕ್ಕೆ ಕಳಿಸಿದ್ದಾರೆ.